ಒಳಗೆ ಬಾ ಮಗಾ

ಬೆರಳ ತುದಿಯೆಲ್ಲ ನೇರಳೆ, ಈ ಅಲಸಂದೆ ಕಾಳಿನ ಸಿಪ್ಪೆ ಬಣ್ಣ ಎಷ್ಟು ಉಜ್ಜಿದ್ರೂ ಹೋಗಲ್ಲ, ಕಣ್ಣು ಬೇರೆ ಗೇಟಿನ ಮೇಲೇ ಇದೆ, ಕಾಳು ಬೋಗುಣಿಗೆ ಬೀಳೋದು ಬಿಟ್ಟು ವರಾಂಡದ ಹಲಗೆ ಮೇಲೆ ಉರುಳ್ತಿವೆ — ಉರುಳ್ಲಿ ಬಿಡು, ವ್ಯಾನು ಅಲ್ಲೇ ಇದೆ, ಮರದ ಕೆಳಗೆ, ಹಕ್ಕಿ ಹಿಕ್ಕೆ ಸಮೇತ ಅಲ್ಲೇ ಇದೆ, ಅಬ್ಬಾ ದೇವರೇ, ನಾಲ್ಕು ಚಕ್ರವೂ ನೆಲದ ಮೇಲೇ ಇವೆ, ನಾಳೆ ವರ್ಡೆಲ್ ಡಯಾಲಿಸಿಸ್‌ಗೆ ಹೋಗ್ತಾನೆ. ಗಾಲಿಕುರ್ಚಿ ಸಮೇತ ಮನುಷ್ಯನನ್ನ ಹತ್ತಿಸ್ಕೊಳ್ಳೋ ಗಾಡಿ ಈ ಮೆರಿಡಿಯನ್ ಊರಲ್ಲಿ ಇನ್ಯಾರ ಹತ್ರ ಇದೆ, ಬಾಡಿಗೆ ಕಾರಿನೋರು ಕುರ್ಚಿ ಕಂಡ ತಕ್ಷಣ ಬೇರೆ ಸವಾರಿ ಇದೆ ಅಂತಾರೆ, ಇದೂ ಹೋಗಿದ್ರೆ ನನ್ನ ಗಂಡ ಹಾಸಿಗೆ ಮೇಲೇ ಊದ್ಕೊಂಡು ಸಾಯ್ತಿದ್ದ, ಹೋಗ್ಲಿಲ್ಲವಲ್ಲ, ಹೋಗ್ಲಿಲ್ಲ. ಒಳಗಿಂದ ಅವನೇ ಕೂಗ್ತಿದ್ದಾನೆ, ಅರ್ಲೀನ್, ಹೋದ್ನೇನೇ ಅವನು, ಹೋದ ಮಾರಾಯಾ, ಇನ್ನೊಂದ್ಸಲ ಹೇಳೇ, ಹೋದ ಹೋದ ಹೋದ, ನಗ್ತಿದ್ದಾನೆ, ಕಾಲು ತೆಗೆದ ಮೇಲೆ ಹೀಗೆ ನಕ್ಕಿದ್ದನ್ನ ನಾನು ಕೇಳೇ ಇಲ್ಲ.

ಎಲ್ಲ ಈ ಬಾಯಿಂದ, ಈ ಹಾಳು ಬಾಯಿಂದ — ಕಾಳು ಬಿಡಿಸ್ತಾ ಕೂತಿದ್ದೆ, ಗೇಟಿನಾಚೆ ಲಾರಿ ನಿಂತ ಸದ್ದು, ಕಪ್ಪು ಕನ್ನಡಕದ ಒಬ್ಬ ಹುಡುಗ, ಟೋಪಿ ತೆಗೆದು ಎದೆಗೆ ಹಿಡ್ಕೊಂಡಿದ್ದ, ನಮಸ್ಕಾರ ಅಮ್ಮಾವ್ರೇ, ಒಳಗೆ ಬರಬಹುದಾ, ಟೋಪಿ ತೆಗೆದು ಕೇಳಿದೋನನ್ನ ಗೇಟಿನಾಚೆ ನಿಲ್ಲಿಸಿದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ಬಾರಿಸ್ತಾಳೆ, ಬಾ ಮಗಾ, ಒಳಗೆ ಬಾ, ಚಿಲಕ ಸುಮ್ನೆ ಸಿಕ್ಕಿಸಿದೆ ಅಷ್ಟೇ, ಅಂದೇಬಿಟ್ಟೆ. ಬೈಬಲ್ ಮಾರೋನು, ದಾರಿ ತಪ್ಪಿದೋನು, ವೋಟು ಕೇಳೋಕೆ ಬಂದೋನು, ಯಾರಿಗೆ ಅಂದಿಲ್ಲ ನಾನು ಹಂಗೆ. ಅವನು ಗೇಟನ್ನ ಅಗಲಕ್ಕೆ ತೆಗೆದ, ಹೋಗಿ ಲಾರಿ ಹತ್ತಿದ, ಲಾರಿ ಹಿಂದಕ್ಕೆ ಹಿಂದಕ್ಕೆ ಬಂತು, ಪೀಂ ಪೀಂ ಪೀಂ, ಆಗ ಕಂಡಿದ್ದು ಲಾರಿ ಬೆನ್ನಿಗೆ ಗಾಡಿ ಎತ್ತಿ ಎಳೆಯೋ ಕಬ್ಬಿಣದ ಎರಡು ತೋಳು, ಅಯ್ಯೋ, ಸಾಲದ ಕಂಪನಿಯೋರು, ವರ್ಡೆಲ್ ಆಸ್ಪತ್ರೆಲಿದ್ದಾಗ ವ್ಯಾನಿನ ಕಂತು ತಪ್ಪಿತ್ತಲ್ಲ, ಅವರೇ.

ಗೇಟು ಹಾಕಿರಮ್ಮ, ಗೇಟು ಹಾಕಿರಮ್ಮ ಅಂತ ಡಿಯಾಂಡ್ರಾ ಬಡ್ಕೊಂಡಿದ್ಲು, ಮಗಳ ಮಾತು ಕೇಳಿ ಹಾಕೇ ಇದ್ದೆ, ತೆಗೆದಿದ್ದು ನನ್ನ ನಾಲಿಗೆ. ಚರ್ಚಿನ ಹಾಲಲ್ಲಿ ಆ ವಕೀಲಮ್ಮ ಬಂದು ಬಿಡಿಸಿ ಬಿಡಿಸಿ ಹೇಳಿದ್ರಲ್ಲ, ಕಂತು ತಪ್ಪಿದ್ರೆ ಗಾಡಿ ಎಳ್ಕೊಂಡು ಹೋಗ್ತಾರೆ, ಕೋರ್ಟಿನ ಕಾಗದವೂ ಬೇಡ, ತೆರೆದ ಅಂಗಳದಿಂದಾನೂ ಒಯ್ಯಬಹುದು, ಆದ್ರೆ ಹಾಕಿದ ಗೇಟು ಮುರಿಯೋ ಹಾಗಿಲ್ಲ, ಶಾಂತಿ ಕದಡೋ ಹಾಗಿಲ್ಲ, ನೀವು ಎದುರು ನಿಂತು ಬೇಡ ಅಂದ್ರೆ ಅಲ್ಲಿಗೆ ನಿಲ್ಲಿಸ್ಬೇಕು. ನಾನು ಕೈ ಎತ್ತಿದ್ದೆ, ಕೂಗಿದ್ರೆ ಶಾಂತಿ ಕದಡಿದೋಳು ನಾನೇ ಆಗಲ್ವಾ, ಹಿಂದಿನ ಬೆಂಚಿನೋರು ಗೊಳ್ ಅಂತ ನಕ್ರು, ನಗಲಿ, ನಮ್ಮ ಕಪ್ಪು ಬಣ್ಣದೋರು ಈ ಊರಲ್ಲಿ ದನಿ ಎತ್ತಿದ್ರೆ ಪೊಲೀಸು ಯಾರನ್ನ ಕರ್ಕೊಂಡು ಹೋಗ್ತಿದ್ರು ಅಂತ ನಕ್ಕೋರಿಗೂ ಗೊತ್ತು. ವಕೀಲಮ್ಮ ನಗಲಿಲ್ಲ, ಇಲ್ಲ ಅರ್ಲೀನಮ್ಮ, ನೀವು ಬೇಡ ಅಂದ ಮೇಲೂ ಅವನು ಕೈ ಹಾಕಿದ್ರೆ ಕದಡಿದೋನು ಅವನು, ನೀವಲ್ಲ.

ಬೇಡ, ಎಷ್ಟು ಸಣ್ಣ ಮಾತು, ಬಾಯಿಗೆ ಬರಬೇಕಲ್ಲ — ಸ್ವಲ್ಪ ತಡಿ ಮಗಾ ಅಂದೆ, ತಡೀಲಿಲ್ಲ, ಏನಾದ್ರೂ ತಿಂದ್ಯಾ ಅಂದೆ, ಥೂ ನನ್ನ, ಮನೆ ದೋಚೋಕೆ ಬಂದೋನಿಗೆ ಊಟ ವಿಚಾರಿಸ್ತೀನಿ, ಆಯ್ತು ಅಮ್ಮಾವ್ರೇ, ಪಾಪ ನೀವೇ ಕರೆದ್ರಿ, ಈಗ ಮುಗಿದುಹೋಗುತ್ತೆ, ಅಂತ ಲಾರಿಲಿ ಕೂತೇ ಹಿಡಿ ಎಳೀತಿದ್ದಾನೆ, ತೋಳು ಎರಡೂ ಇಳೀತಿವೆ, ಮುಂದಿನ ಚಕ್ರದ ಅಡಿಗೆ ತೆವಳ್ತಿವೆ. ಒಳಗಿಂದ ವರ್ಡೆಲ್, ಬಾಯಿ ಬಿಡೇ ಅರ್ಲೀನ್, ಪಾಸ್ಟರಿಗೆ ಬೇಡ ಅನ್ನಲ್ಲ, ನಮ್ಮಕ್ಕನಿಗೆ ಬೇಡ ಅನ್ನಲ್ಲ, ಇವನಿಗಾದ್ರೂ ಅನ್ನೇ, ಆ ದನಿ ಒಡೀತು, ಅಳ್ತಿದ್ದ, ನನ್ನ ವರ್ಡೆಲ್ ಅಳ್ತಿದ್ದ.

ಬೇಡ. ಚರ್ಚಿನ ಹಾಡಿಗೆ ಎತ್ತೋ ದನಿ ಬಂತು, ಎಲ್ಲಿತ್ತೋ, ಬೇಡ, ಮುಟ್ಟಬೇಡ, ಇದು ನನ್ನ ಅಂಗಳ, ನಾನು ಒಪ್ಪಲ್ಲ, ಗೇಟಿನಾಚೆ ನಡಿ, ಎದುರು ಮನೆಯವಳು ಬಾಗಿಲಿಗೆ ಬಂದು ನಿಂತ್ಲು. ಅವನು ಕನ್ನಡಕ ತೆಗೆದ, ಎಲ್ಲ ರೆಕಾರ್ಡ್ ಮಾಡೋ ಲಾರಿಯ ಪುಟ್ಟ ಕ್ಯಾಮೆರಾ ಕಡೆ ಒಂದ್ಸಲ ನೋಡಿದ, ಕರೆದೋರೂ ನೀವೇ, ಬೇಡ ಅನ್ನೋರೂ ನೀವೇ, ಹೂಂ ಮಗಾ ಎರಡೂ ನಾನೇ, ಕಂಪನಿಯೋರು ಕೋರ್ಟಿಗೆ ಹೋಗ್ತಾರೆ ಅಮ್ಮಾವ್ರೇ, ಹೋಗ್ಲಿ, ಅಲ್ಲಿ ನನ್ನನ್ನೂ ಒಂದು ಮಾತು ಕೇಳ್ತಾರೆ, ಅಷ್ಟರೊಳಗೆ ವರ್ಡೆಲ್ ಪಿಂಚಣಿ ಶುರುವಾಗುತ್ತೆ. ಅವನು ನಿಟ್ಟುಸಿರು ಬಿಟ್ಟ, ನಿಮ್ಮಂಥೋರ ಹತ್ರ ಕಷ್ಟ ಅಂದ, ಹಿಡಿ ತಳ್ಳಿದ, ತೋಳು ಹಿಂದಕ್ಕೆ ಸರಿದ್ವು, ಮೇಲಕ್ಕೆ ಎದ್ವು, ಎರಡೂ ಖಾಲಿ, ಖಾಲಿ ತೋಳು, ಲಾರಿ ಆಚೆ ಹೋಗಿ ನಿಂತ್ಕೊಳ್ತು, ಅವನು ಇಳಿದು ಬಂದು ಗೇಟು ಹಾಕಿದ, ಚಿಲಕ ಸರಿಯಾಗಿ ಸಿಕ್ಕಿಸಿದ, ಟೋಪಿ ತೆಗೆದು ಬರ್ತೀನಿ ಅಮ್ಮಾವ್ರೇ ಅಂದ, ನನ್ನ ಬಾಯಿ ತಾನಾಗೇ ತೆರೀತು, ಈ ಅಂಗಳದಿಂದ ಯಾರು ಹೊರಟ್ರೂ ಆ ಮಾತು ಕೇಳದೆ ಹೋಗಿಲ್ಲ, ಹೋಗಿ — ಅಂದೆ, ಎರಡೂ ಕೈಲಿ ಬಾಯಿ ಮುಚ್ಕೊಂಡೆ, ಅವನು ಟೋಪಿ ಹಿಡ್ಕೊಂಡು ಕಾಯ್ತಾ ನಿಂತಿದ್ದ, ನಾನು ಬಾಯಿ ಮುಚ್ಕೊಂಡು ನಿಂತಿದ್ದೆ, ಕೊನೆಗೆ ಹತ್ತಿ ಕೂತ, ಲಾರಿ ಹೊರಟೋಯ್ತು, ಖಾಲಿ ತೋಳು ಬೀದಿ ಕೊನೇವರೆಗೂ ಕಾಣ್ತಿದ್ವು, ಬಾ ಅನ್ನೋದು ಮಾತ್ರ ಇನ್ನೂ ಬಾಯಲ್ಲೇ ಇದೆ.