ಪೂಜೆಗೆ ಕೂತ ಪಕ್ಕಡ

ಒಂದು ಪುಕ್ಕ, ಪಾರಿವಾಳದ್ದಿರಬೇಕು, ಅರಮನೆಯ ಜಂತಿಯಿಂದ ಕಳಚಿಕೊಂಡು ದೀಪದ ಬೆಳಕಿನೊಳಗೆ ಬಂತು, ಬಂದದ್ದೇ ಬಂಗಾರದ್ದಾಯಿತು, ತಿರುಗುತ್ತ ತಿರುಗುತ್ತ ಇಳಿಯುತ್ತಿದೆ, ಇಳಿಯಲಿ, ಕ್ಯಾಮೆರಾದ ಕಣ್ಣಿಗೆ ಬೀಳದಿದ್ದರೆ ಸಾಕು, ಎಂದುಕೊಳ್ಳುವಷ್ಟರಲ್ಲಿ ಲಗಮಣ್ಣನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು, ಸೊಂಟ ಬರಿದು — ಮತ್ತೆ ಮರೆತ, ಬೆಳಗಿನಿಂದ ಈ ಕೈ ಹೀಗೇ ಹೋಗಿ ಹೋಗಿ ಪೆಚ್ಚಾಗಿ ವಾಪಸು ಬರುತ್ತಿದೆ, ಚೀಲ ಇಲ್ಲ, ಚೀಲದೊಳಗಿನ ತಂತಿ ಹಿಡಿದು ಕತ್ತರಿಸುವ ಪಕ್ಕಡ ಇಲ್ಲ, ನಟ್ಟು ತಿರುಗಿಸುವ ಪಾನಾ ಇಲ್ಲ, ಟೆಸ್ಟರ್ ಇಲ್ಲ, ಕೈಗವಸು ಇಲ್ಲ, ಕಟ್ಟಿಗೆಯ ಕ್ಲಿಪ್ಪುಗಳಿಲ್ಲ, ಎಲ್ಲವೂ ಅಲ್ಲಿ ಬನಹಟ್ಟಿಯಲ್ಲಿ, ಮಗ್ಗದ ಕೋಣೆಯಲ್ಲಿ, ಮಣೆಯ ಮೇಲೆ, ವಿಭೂತಿ ಹಚ್ಚಿಸಿಕೊಂಡು ಚೆಂಡುಹೂವು ಮುಡಿದುಕೊಂಡು ಹೊಸ ಅಳಿಯಂದಿರ ಹಾಗೆ ಕೂತಿವೆ, ಇವತ್ತು ಖಂಡೇಪೂಜೆ, ದುಡಿಯುವ ಆಯುಧಗಳ ಪೂಜೆ, ಪೂಜೆಗೆ ಕೂತದ್ದನ್ನು ನಾಳೆ ಬನ್ನಿ ಮುಡಿಯುವ ತನಕ ಯಾರೂ ಎತ್ತುವ ಹಾಗಿಲ್ಲ, ಅಪ್ಪನ ಮಗ್ಗದ ಲಾಳಿ ಎತ್ತುವ ಹಾಗಿಲ್ಲ, ನೂಲು ಬಡಿಯುವ ಫಣಿ ಎತ್ತುವ ಹಾಗಿಲ್ಲ, ಲಗಮಣ್ಣನ ಪಕ್ಕಡವನ್ನೂ ಎತ್ತುವ ಹಾಗಿಲ್ಲ, ಮತ್ತು ಲಗಮಣ್ಣ ಇಲ್ಲಿ ಜಮಖಂಡಿಯ ಗುಡ್ಡದ ಅರಮನೆಯಲ್ಲಿ ಮರದ ಅಟ್ಟಣಿಗೆಯ ತುದಿಗೆ ಏರಿ, ಕಾದು ಕೆಂಡವಾದ ದೀಪದ ಬೆನ್ನಿಗೆ ನಿಂತು, ಬರಿಸೊಂಟದಲ್ಲಿ ಸೂರ್ಯನ ಕೆಲಸ ಮಾಡುತ್ತಿದ್ದಾನೆ. ಕೆಳಗೆ ಕಿಟಕಿಯ ಪಕ್ಕ ನಾಯಕಿ ಕೂತಿದ್ದಾಳೆ, ಅವಳ ಕೆನ್ನೆಯ ಮೇಲೆ ಮುಂಜಾನೆಯ ಬಿಸಿಲು ಬೀಳಬೇಕು, ಹೊರಗಿನ ಖರೆ ಬಿಸಿಲು ನೆತ್ತಿಗೇರಿ ಎಷ್ಟೋ ಹೊತ್ತಾಯಿತು, ಆದ್ದರಿಂದ ಈ ಮುಂಜಾವು ಇವನದು, ದೀಪದ ಬಾಯಿಗೆ ಕಟ್ಟಿದ ಹಳದಿ ಹಾಳೆಯದು, ಆ ಹಾಳೆಯನ್ನು ಹಿಡಿದಿದ್ದ ಎರವಲು ಕ್ಲಿಪ್ಪುಗಳಲ್ಲಿ ಒಂದರ ಸ್ಪ್ರಿಂಗು ಈಗಷ್ಟೆ ಹಾರಿತು, ಎಡಗಡೆಯ ಮೂಲೆ ಜಾರುತ್ತಿದೆ, ಜಾರಿದರೆ ಅವಳ ಕೆನ್ನೆಯ ಅರ್ಧ ಮುಂಜಾನೆ ಅರ್ಧ ಮಧ್ಯಾಹ್ನ, — ಹಿಡಿ, ಬರಿಗೈಯಲ್ಲೇ ಹಿಡಿ, ಹಿಡಿದ.

ಎಡಗೈ ಸುಡುತ್ತದೆ, ಸುಡಲಿ, ದೀಪದ ಹಿಡಿಕೆ ಬಿಡುವಂತಿಲ್ಲದ ಬಲಗೈಗಂತೂ ಗವಸು ಇದೆ, ಅದು ದೊರೈಯಣ್ಣ ಕೊಟ್ಟದ್ದು, ದೊರೈಯಣ್ಣ ಅಂದರೆ ಲೈಟಿನವರ ಮೇಸ್ತ್ರಿ, ಮದ್ರಾಸಿನವನು, ಬೆಳಿಗ್ಗೆ ಇವನು ಬಸ್ಸಿಳಿದು ಓಡಿ ಬಂದು ಮನೆಯಲ್ಲಿ ನನ್ನ ಸಾಮಾನೆಲ್ಲ ಪೂಜೆಗೆ ಕೂತುಬಿಟ್ಟಿದೆ ಅಣ್ಣ ಅಂದಾಗ ಆತ ಬೈಯುತ್ತಾನೆ ಅಂದುಕೊಂಡಿದ್ದ, ಬೈಯಲೇಬೇಕಿತ್ತು, ಸಾಮಾನಿಲ್ಲದವನು ಅಟ್ಟ ಹತ್ತಬಾರದು ಎಂದು ಕಲಿಸಿದವನೇ ಆತ, ಇಲ್ಲಿಯೂ ಬೆಳಿಗ್ಗೆ ಪೂಜೆಯಾಗಿತ್ತು, ಕ್ಯಾಮೆರಾಕ್ಕೆ ಹಾರ ಹಾಕಿ ಬೂದುಗುಂಬಳ ಒಡೆದು ಆ ಹೋಳುಗಳನ್ನು ಗುಡಿಸುವುದರೊಳಗೇ ಕೆಲಸ ಶುರು ಮಾಡಿದ್ದರು, ಅಂಥವನಿಗೆ ಮರುದಿನದ ತನಕ ಮುಟ್ಟಬಾರದ ಪಕ್ಕಡದ ಸಂಗತಿ ಹೇಗೆ ಹೇಳುವುದು, ಆದರೆ ದೊರೈಯಣ್ಣ, ಯಾರಪ್ಪಾ ಕೂಡಿಸಿದ್ದು ಅಂದ, ಅವ್ವ ಅಂದ ಇವನು, ಆತ ತನ್ನ ಬಲಗೈಯ ಗವಸು ಕಳಚಿ ಇವನ ಕೈಗೆ ಹಾಕಿ, ಎಡಗೈಯದು ನನಗಿರಲಿ, ಅಮ್ಮ ಕೂಡಿಸಿದ್ದನ್ನು ಎಬ್ಬಿಸಿಕೊಂಡು ಬಂದಿದ್ದರೆ ನಿನ್ನನ್ನೇ ಕೆಳಗಿಳಿಸುತ್ತಿದ್ದೆ ಅಂದ, ಅಷ್ಟೇ. ಆ ಗವಸಿಗೆ ಆತನ ಬೆವರಿನ ವಾಸನೆ, ಬೀಡಿಯ ವಾಸನೆ, ಇವನು ಮೊದಲು ಸ್ಟುಡಿಯೋಕ್ಕೆ ಕಾಲಿಟ್ಟಾಗ ಇದೇ ವಾಸನೆಯ ಕೈ ಹೆಗಲ ಮೇಲೆ ಬಿದ್ದಿತ್ತು, ಭಾಷೆ ಬರದ ಊರಲ್ಲಿ ಉಣ್ಣಲಿಕ್ಕೆ ಕರೆದುಕೊಂಡು ಹೋಗಿತ್ತು, ಗಾಜಿನ ಬುರುಡೆಯನ್ನು ಬರಿಗೈಯಲ್ಲಿ ಮುಟ್ಟಬೇಡ, ನಿನ್ನ ಬೆವರೇ ಅದನ್ನು ಒಡೆಯುತ್ತದೆ ಎಂದು ಕಲಿಸಿತ್ತು, ಎಲ್ಲಕ್ಕೂ ಮೊದಲು ಟೆಸ್ಟರ್ ಮುಟ್ಟಿಸು, ಯಾರು ಕರೆಂಟು ತೆಗೆದಿದ್ದೇನೆ ಅಂದರೂ ನಂಬಬೇಡ, ನಾನು ಅಂದರೂ ನಂಬಬೇಡ, ಕ್ಲಿಪ್ಪು ಕಟ್ಟಿಗೆಯದೇ ಇರಲಿ, ಪ್ಲಾಸ್ಟಿಕ್ಕಿನದು ಕರಗಿ ಅಂಟುತ್ತದೆ, ದೀಪಕ್ಕೊಂದು ಹಗ್ಗ ನಿನಗೊಂದು ಹಗ್ಗ, ನಿನ್ನದನ್ನು ಮರೆತರೂ ದೀಪದ್ದನ್ನು ಮರೆಯಬೇಡ, ಕೆಳಗೆ ಜನರ ತಲೆಗಳಿರುತ್ತವೆ. ಹೌದು, ಇರುತ್ತವೆ, ಈಗಲೂ ಇವೆ, ಎಣ್ಣೆ ಹಚ್ಚಿ ಬಾಚಿದ ತಲೆ, ಟೋಪಿಯ ತಲೆ, ನಾಯಕಿಯ ಹೂ ಮುಡಿದ ತಲೆ, ಈ ತಲೆಗಳನ್ನು ಇವನು ಇಷ್ಟು ವರ್ಷ ಕಾದುಕೊಂಡು ಬಂದಿದ್ದಾನೆ, ಒಬ್ಬರೂ ಕತ್ತೆತ್ತಿ ನೋಡಿಲ್ಲ, ನೋಡದಿರುವುದೇ ಛಲೋ, ನೋಡಿದರೆ ಕಣ್ಣು ಕುಕ್ಕುತ್ತದೆ. ಮತ್ತೊಮ್ಮೆ ಎನ್ನುತ್ತಾರೆ ಕೆಳಗೆ, ನಾಯಕಿಗೆ ಕಣ್ಣೀರು ಬರಲಿಲ್ಲವಂತೆ, ಬರಲಿ ತಾಯಿ, ಬೇಗ ಬರಲಿ, ಉಂಗುರದ ಬೆರಳು ಚುರುಗುಟ್ಟುತ್ತಿದೆ.

ಅಲುಗಬಾರದು. ಅಲುಗದೆ ಬೆಳಕು ಹಿಡಿಯುವುದನ್ನು ಇವನಿಗೆ ದೊರೈಯಣ್ಣ ಕಲಿಸಬೇಕಾಗಿರಲಿಲ್ಲ, ಅದನ್ನು ಕಲಿಸಿದ್ದು ಅಪ್ಪ, ಮಗ್ಗದ ಕೋಣೆಗೆ ಕಿಟಕಿ ಒಂದೇ, ಅಪ್ಪ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಚಂದ್ರಕಾಳಿ ನೇಯುತ್ತಾನೆ, ಕರಿ ಸೀರೆ, ಕರಿ ನೂಲಿನಲ್ಲಿ ಎಳೆಯೊಂದು ಕಡಿದರೆ ಆ ಕತ್ತಲೆಯಲ್ಲಿ ದೇವರಿಗೂ ಸಿಗುವುದಿಲ್ಲ, ಆಗ ಅಪ್ಪ, ಲಗಮಾ, ಬೆಳಕ ಹಿಡಿ ಅನ್ನುತ್ತಿದ್ದ, ಲಗಮಣ್ಣ ಅಂಗಳದ ಬಿಸಿಲಿಗೆ ಕನ್ನಡಿ ಹಿಡಿದು ಬಾಗಿಲೊಳಗಿಂದ ಒಂದು ಅಂಗೈಯಷ್ಟು ಬೆಳಕನ್ನು ಅಪ್ಪನ ಕೈ ಮೇಲೆ ತಂದು ನಿಲ್ಲಿಸುತ್ತಿದ್ದ, ಮೂಗು ತುರಿಸಿದರೂ ಅಲುಗುವಂತಿಲ್ಲ, ಎಳೆ ಸಿಕ್ಕು ಗಂಟು ಬಿದ್ದ ಮೇಲೆ ಅಪ್ಪ ಹಾಂ ಅನ್ನುತ್ತಿದ್ದ, ಆ ಒಂದು ಹಾಂ ಸಾಕಾಗಿತ್ತು. ಹಾಗೆ ಕಲಿಸಿದ ಅಪ್ಪನೇ, ಇವನು ಮದ್ರಾಸಿಗೆ ಹೋಗುತ್ತೇನೆ, ಸಿನಿಮಾದಲ್ಲಿ ಲೈಟು ಹಿಡಿಯುವ ಕೆಲಸ ಸಿಕ್ಕಿದೆ ಅಂದ ದಿನ, ಲಾಳಿ ನಿಲ್ಲಿಸಿ, ಸಿಟ್ಟು ಕೂಡ ಮಾಡದೆ, ಸಂಜೀಕ ಗಜಾ ಹಿಡದ ಅಳಿಯಾಕ ಏನರ ಉಳೀಬೇಕೋ, ಅದಕ್ಕ ಕೆಲಸ ಅಂತಾರ, ಬೆಳಕ ಹಿಡದ್ರ ಏನ ಉಳೀತೈತಿ, ಅಂದ. ಸಂಜೆ ಪ್ಯಾಕಪ್ ಆದ ಮೇಲೆ ಖರೇನೇ ಏನೂ ಉಳಿಯುವುದಿಲ್ಲ, ವಾಯರು ಸುತ್ತಿಟ್ಟರೆ ಸೂರ್ಯನೂ ಇಲ್ಲ, ಬೆಳದಿಂಗಳೂ ಇಲ್ಲ. ಆಮೇಲೆ ಊರಿಗೆ ಬಂದಾಗೆಲ್ಲ ಅಪ್ಪ ಉಂಡಿಯೇನು ಅಂತ ಕೇಳಿದ್ದಾನೆ, ಬಸ್ಸಿನಾಗ ಜಾಗಾ ಸಿಕ್ಕಿತ್ತೇನು ಅಂತ ಕೇಳಿದ್ದಾನೆ, ಕೆಲಸ ಹೆಂಗ ನಡದೈತಿ ಅಂತ ಒಮ್ಮೆಯೂ ಕೇಳಿಲ್ಲ, ಓಣಿಯಲ್ಲಿ ಯಾರಾದರೂ ಗಿರಮಲ್ಲಪ್ಪಾ ನಿನ್ನ ಮಗ ಏನ ಮಾಡ್ತಾನ ಅಂದರೆ, ಇದ್ದಾನ ಅಲ್ಲೆ, ಮದ್ರಾಸದಾಗ, ಅನ್ನುತ್ತಾನೆ, ಇದ್ದಾನೆ ಎಂದೇ ಹೇಳುತ್ತಾನೆ, ಮಾಡುತ್ತಾನೆ ಎಂದು ಹೇಳುವುದಿಲ್ಲ. ಹಿಂದೆ ಒಂದು ಸಲ ಖಂಡೇಪೂಜೆಗೆ ಬಂದಿದ್ದಾಗ ಮಗ್ಗದ ಕೋಣೆಯಲ್ಲಿ ಎಲ್ಲವೂ ಕೂತಿದ್ದವು, ಲಾಳಿ, ಕತ್ತರಿ, ಅಳತೆಯ ಗಜ, ತಂಗಿಯ ಹೊಲಿಗೆ ಮಷೀನು, ಅವ್ವನ ಬೀಸುಕಲ್ಲು, ಕುಡಗೋಲು, ಮನೆಯಲ್ಲಿ ದುಡಿಯುವುದೆಲ್ಲ ಅಲ್ಲಿತ್ತು, ಇವನ ಚೀಲ ಮಾತ್ರ ಪಡಸಾಲೆಯ ಗೂಟಕ್ಕೆ ನೇತಾಡುತ್ತಿತ್ತು, ಯಾರೂ ಬೇಡ ಅಂದಿರಲಿಲ್ಲ, ಯಾರೂ ತಾ ಅಂದಿರಲಿಲ್ಲ, ಅವತ್ತು ಕರಿಗಡುಬನ್ನು ಎಲೆಯಲ್ಲೇ ಬಿಟ್ಟು ಎದ್ದಿದ್ದ.

ಶೂಟಿಂಗು ಜಮಖಂಡಿಗೇ ಬಂದಿದೆ ಎಂದು ರಾತ್ರಿ ಮನೆಯಲ್ಲೇ ಮಲಗಿದ್ದ, ಇವತ್ತು ಎದ್ದು ನೋಡಿದರೆ ಗೂಟ ಬರಿದು. ಕಳವಾಯಿತೇನೋ ಎಂದು ಮುಖ ತೊಳೆಯದೆ ಮಗ್ಗದ ಕೋಣೆಗೆ ಹೋದರೆ, ಊದಿನಕಡ್ಡಿಯ ಹೊಗೆ, ಎಣ್ಣೆದೀಪ, ಲಾಳಿಯ ಒಂದು ಮಗ್ಗುಲಿಗೆ ಫಣಿ, ಇನ್ನೊಂದು ಮಗ್ಗುಲಿಗೆ ಇವನ ಪಕ್ಕಡ, ತೊಳೆದು ಒರೆಸಿ ಎಣ್ಣೆ ಸವರಿದ ಪಕ್ಕಡ, ಅದರ ಪಕ್ಕ ಪಾನಾ, ಟೆಸ್ಟರ್, ಕ್ಲಿಪ್ಪುಗಳು ಸಾಲಾಗಿ, ಕೈಗವಸುಗಳನ್ನು ಮಡಚಿ ಜೋಡಿ ಮಾಡಿ ಮೇಲೊಂದು ಹೂವು, ಎಲ್ಲದಕ್ಕೂ ವಿಭೂತಿ, ಪಕ್ಕಡದ ಬಾಯಿಯ ಮೇಲೆ ಮೂರು ಗೆರೆ, ಕೆಳಗಿನ ಗೆರೆ ಪೂರ್ತಿ ಬಂದಿಲ್ಲ, ಅವಸರ ಅವ್ವನಿಗೆ, ಅಪ್ಪ ಪೂಜೆ ಮಾಡಿ ಗುಡಿಗೆ ಹೋದದ್ದೇ ತಡ, ಕದ್ದು ಇಟ್ಟಿದ್ದಾಳೆ, ಅವಳು ಯಾವಾಗಲೂ ಹಾಗೆಯೇ, ಅಪ್ಪ ಬೇಡ ಅಂದದ್ದನ್ನು ಸೆರಗಿನ ಮರೆಯಲ್ಲಿ ಮಾಡುವವಳು, ಮದ್ರಾಸಿಗೆ ಹೊರಟ ದಿನವೂ ರೊಟ್ಟಿಯ ಗಂಟನ್ನು ಹಿತ್ತಲ ಬಾಗಿಲಿನಿಂದ ಕೊಟ್ಟವಳು. ಕೈ ಚಾಚಿದ, ಒಂಬತ್ತರ ಬಸ್ಸು, ಮೊದಲ ಸಲ ದೊಡ್ಡ ದೀಪ ಇವನದೇ ಜವಾಬ್ದಾರಿ, ಇವತ್ತೇ, ಚಾಚಿದ ಕೈ ಪಕ್ಕಡದ ಮೇಲೆ ನಿಂತಿತು, ಮುಟ್ಟಲಿಲ್ಲ, ಮುಟ್ಟುವುದಾಗಲಿಲ್ಲ. ಅಡುಗೆಮನೆಗೆ ಹೋಗಿ, ಯವ್ವಾ, ಇವತ್ತ ಕೆಲಸ ಐತಿ, ಹಿಂಗ ಮಾಡಿದರ ಹೆಂಗ ಅಂದ, ಅವ್ವ ಲಟ್ಟಣಿಗೆಯಿಂದ ಕಣ್ಣೆತ್ತದೆ, ಕೂಡಿಸಿದ್ದ ಎತ್ತಬಾರದಪಾ, ನಾಳಿ ಬನ್ನಿ ಮುಡದ ಮ್ಯಾಲ ತಗೊ, ಅಂದಳು, ನೀ ಯಾಕ ಇಟ್ಟಿ ಅಂದರೆ, ನನ್ನ ಯಾಕ ಕೇಳ್ತಿ, ನಾ ನಸಿಕಿನಿಂದ ಒಲಿ ಬಿಟ್ಟ ಎದ್ದಿಲ್ಲ, ಅಂದಳು, ಅದೇ ಅವಳ ಸುಳ್ಳು, ಮಾಡಿದ್ದನ್ನು ಎಂದೂ ಒಪ್ಪುವವಳಲ್ಲ. ಬಸ್ಸಿನ ಕಡೆ ಓಡುವಾಗ ಸೊಂಟ ಎಷ್ಟು ಹಗುರ, ಸಿಟ್ಟು ಬರಬೇಕಿತ್ತು, ಬರಲಿಲ್ಲ, ಬಸ್ಸು ಊರು ದಾಟುವಾಗ ನಗು ಬಂತು, ಪಕ್ಕದಲ್ಲಿ ಕೂತ ಹುನ್ನೂರಿನ ರೈತ ಯಾಕ ನಗತೀರಿ ಅಂದ, ಏನಿಲ್ಲರಿ, ನನ್ನ ಪಕ್ಕಡ ಪೂಜಿಗೆ ಕುಂತೈತಿ ಅಂದ ಇವನು, ಅದಕ್ಕ ನಗೂದೇನೈತಿ, ನನ್ನ ರಂಟಿನೂ ಕುಂತೈತಿ, ಅಂದ ಆತ, ಅಷ್ಟು ಸಹಜವಾಗಿ ಅಂದ, ಹೊಲ ಉಳುವ ರಂಟೆ, ಇವನ ಪಕ್ಕಡ, ಎರಡೂ ಒಂದೇ ಸಾಲಿನವು ಎನ್ನುವ ಹಾಗೆ, ಆ ಮನುಷ್ಯನ ಹೆಸರು ಕೂಡ ಕೇಳಲಿಲ್ಲ, ಅವನ ಹೊಲ ತಣ್ಣಗಿರಲಿ. ಅವ್ವನ ಕೈ ತಣ್ಣಗಿರಲಿ. ಅಪ್ಪ ಗುಡಿಯಿಂದ ಬಂದು ನೋಡಿದರೆ ಏನಂದಾನು, ತೆಗೆದು ಗೂಟಕ್ಕೆ ಹಾಕ್ಯಾನೇ, ಕೂತದ್ದನ್ನು ಅವನೂ ಎತ್ತುವಂತಿಲ್ಲ, ಹಾಗಾಗಿಯೇ ಇಟ್ಟಿದ್ದಾಳೆ ಅವ್ವ, ಜಾಣೆ, ಆದರೂ ಅಪ್ಪನ ಮುಖ, ಅಪ್ಪ ಒಂದು ಸಲ, ಒಂದೇ ಒಂದು ಸಲ ತಾನಾಗಿ —

ಕಣ್ಣೀರು ಬಂತು, ಕೆಳಗೆ, ನಾಯಕಿಗೆ, ಈಗ ಉರುಳುತ್ತಿದೆ, ಇವನ ಬೆಳಕು ಅದರೊಳಗೆ ಹೊಕ್ಕಿದೆ, ಇನ್ನು ಸ್ವಲ್ಪ, ಇನ್ನು ಸ್ವಲ್ಪವೇ, ಉಂಗುರದ ಬೆರಳು ತಾಳಲಾರದು, ಅದನ್ನಷ್ಟೇ ಮಡಚಿಕೊಂಡ, ತೋರುಬೆರಳು ನಡುಬೆರಳು ಹಿಡಿದಿವೆ ಸಾಕು, ಹಾಳೆ ಅಲುಗಲಿಲ್ಲ, ಬೆಳಕು ಅಲುಗಲಿಲ್ಲ, ಮಡಚಿದ ಬೆರಳು ಉರಿಯುತ್ತಿದೆ, ಅಪ್ಪನದು ಎಷ್ಟು ಉರಿದಿರಬೇಕು, ಹಿಪ್ಪರಗಿಯ ಕಬ್ಬಿನ ಗಾಣದಲ್ಲಿ ಸಿಕ್ಕು ತುದಿ ಹೋದಾಗ, ಲಗಮಣ್ಣ ಹುಟ್ಟುವ ಮೊದಲಿನ ಮಾತು, ಇವನು ಕಂಡಾಗಿನಿಂದ ಅಪ್ಪನ ಬಲಗೈಯ ಉಂಗುರದ ಬೆರಳು ಅಷ್ಟೇ, ಗಿಡ್ಡ, ಉಗುರಿಲ್ಲದ್ದು, ಸಾಲಿಗೆ ಹೊರಟಾಗ ಅದೇ ಕೈ ಇವನ ಗದ್ದ ಹಿಡಿದು ಹಣೆಗೆ ವಿಭೂತಿ ಎಳೆಯುತ್ತಿತ್ತು, ತಣ್ಣಗೆ, ಮೂರು ಬೆರಳು, ಮಾಸ್ತರರು ಹಣೆ ನೋಡಿಯೇ ನೀ ಗಿರಮಲ್ಲಪ್ಪನ ಮಗ ಹೌದಲ್ಲೋ ಅಂದಿದ್ದರು, ಹೆಂಗ ಗೊತ್ತಾತರಿ ಅಂದರೆ, ಕೆಳಗಿನ ಗೆರಿ ಗಿಡ್ಡ ಐತಲ್ಲೋ ಅಂದಿದ್ದರು, ಮಗ್ಗದ ತೊಲೆಯ ಮೇಲೂ ಹಾಗೆಯೇ, ಹೊಲಿಗೆ ಮಷೀನಿನ ಮೇಲೂ ಹಾಗೆಯೇ, ಅಪ್ಪ ಪೂಜೆ ಮಾಡಿದ್ದರ ಮೇಲೆಲ್ಲ ಎರಡು ಉದ್ದ ಗೆರೆ, ಕೆಳಗೊಂದು ಗಿಡ್ಡ — ನಾ ನಸಿಕಿನಿಂದ ಒಲಿ ಬಿಟ್ಟ ಎದ್ದಿಲ್ಲ — ಅವ್ವ ಸುಳ್ಳು ಹೇಳಿರಲಿಲ್ಲ. ಪಕ್ಕಡವನ್ನು ತೊಳೆದದ್ದು ಯಾರು, ಎಣ್ಣೆ ಸವರಿದ್ದು ಯಾರು, ಗವಸುಗಳನ್ನು ಹಾಗೆ ಮಡಚಿ ಜೋಡಿ ಮಾಡಿದ್ದು ಯಾರು, ನೇಯ್ದ ಸೀರೆಯನ್ನು ಮಡಚುವ ಹಾಗೆ, ಅಂಚಿಗೆ ಅಂಚು. ಕಟ್ ಎಂದರು ಕೆಳಗೆ, ಯಾರೋ ಚಪ್ಪಾಳೆ ಹೊಡೆದರು, ದೊರೈಯಣ್ಣ ಕೂಗುತ್ತಿದ್ದಾನೆ, ಆಫ್ ಮಾಡಪ್ಪಾ ಲಗಮಾ, ಕೈ ಬಿಡಪ್ಪಾ, ಕೇಳಿಸುತ್ತಿದೆ, ಬಿಡುತ್ತಾನೆ, ಬಿಡಬೇಕು, ಬೆಳಕು ಕಣ್ಣಿಗೆಲ್ಲ ನೀರು ನೀರಾಗಿದೆ, ಅದರೊಳಗೆ ಅರಮನೆ ಇಲ್ಲ, ನಾಯಕಿ ಇಲ್ಲ, ಪಕ್ಕಡದ ಕರಿ ಕಬ್ಬಿಣ, ಅದರ ಮೇಲೆ ಎರಡು ಉದ್ದ ಗೆರೆ, ಕೆಳಗೊಂದು ಗಿಡ್ಡ ಗೆರೆ, ಎರಡು ಉದ್ದ, ಒಂದು ಗಿಡ್ಡ.