ಎಡಕ್ಕೆ ಕುಸಿದ ಡಾಜ್

ಲಚ್ಯಾಣದ ಬಸಂತರಾಯನ ಕರಿಯ ಡಾಜ್ ಕಾರು ಎಡಗಡೆಯ ಹಿಂದಿನ ಗಾಲಿಯ ಮೇಲೆ ಕುಸಿದು ನಿಲ್ಲತೊಡಗಿದ್ದು ಎಪ್ಪತ್ನಾಲ್ಕರ ಬೇಸಿಗೆಯಲ್ಲಿ. ಹದಿನಾರು ವರ್ಷದ ಹಿಂದೆ ಸೊಲ್ಲಾಪುರದ ಗಿರಣಿ ಮಾಲೀಕನೊಬ್ಬನಿಂದ ಕೊಂಡದ್ದು. ಆಗಲೇ ಹಳೆಯದು, ಈಗಂತೂ ಮುದಿಯಾಗಿತ್ತು. ವಯಸ್ಸಾದ ಮೇಲೆ ಸೊಂಟ ಬಾಗದೆ ಇರುತ್ತದೆಯೇ ಎಂದು ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಸಂತರಾಯ ಸುಮ್ಮನಿರುವ ಪೈಕಿ ಅಲ್ಲ. ಹಾಲಿನಲ್ಲಿ ಕೆನೆ ಕಡಿಮೆಯಾದರೆ ಎಮ್ಮೆಯನ್ನೇ ಸಂಶಯದಿಂದ ನೋಡುವವನು.

"ಪಾಟಾ ಸುಮ್‌ಸುಮ್ನ ಕುಸಿಯಂಗಿಲ್ಲ. ಯಾರೋ ಮಾಲು ಹೇರ್ಯಾರ," ಎಂದು ಹೆಂಡತಿ ಸಿದ್ದಲಿಂಗವ್ವನಿಗೆ ಹೇಳಿದ. ಹಿಂದಿನ ಗಾಲಿಗಳ ಮೇಲೆ ಕಾರಿನ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟಿಗೆ ಆ ಸೀಮೆಯಲ್ಲಿ ಪಾಟಾ ಎನ್ನುತ್ತಾರೆ.

ಯಾರೋ ಎಂದರೆ ಒಬ್ಬನೇ, ಡ್ರೈವರ್ ಸೋಮನಿಂಗ. ಕಾರು ಬಂದ ದಿನದಿಂದ ಅದನ್ನು ಓಡಿಸಿದವನು ಅವನು. ಬಸಂತರಾಯನಿಗೆ ಸ್ಟೇರಿಂಗ್ ಹಿಡಿಯಲು ಬಾರದು. ಪೆಟ್ರೋಲು ಹಾಕಿಸಲು ಸೋಮನಿಂಗ ಒಬ್ಬನೇ ಇಂಡಿಗೆ ಹೋಗಿಬರುತ್ತಿದ್ದ. ಹೋಗುವಾಗ ಅಡತಿ ವ್ಯಾಪಾರಿಗಳ ಶೇಂಗಾ ಚೀಲ ಹೇರುತ್ತಾನೆ ಎಂಬುದು ಬಸಂತರಾಯನ ತಲೆ ಹೊಕ್ಕಿತು, ಹೊಕ್ಕದ್ದು ಹೊರಬರಲಿಲ್ಲ. ಡಿಕ್ಕಿಯೊಳಗೆ ತಲೆ ತೂರಿಸಿ ಮೂಸಿ ನೋಡಿದ. ಹಿಂದಿನ ಸೀಟಿನ ಸಂದಿಯಲ್ಲಿ ಎರಡು ಶೇಂಗಾ ಸಿಪ್ಪೆ ಸಿಕ್ಕವು. ಆ ಸೀಟಿನಲ್ಲಿ ಕೂತು ಶೇಂಗಾ ಸುಲಿಯುವ ಚಟ ಯಾರದೆಂದು ಅವನಿಗೆ ನೆನಪಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, "ನನ್ನ ಕಾರಿನ್ಯಾಗ ಮಂದಿ ಮಾಲು ಹೋಗಾಕತ್ತೈತಿ," ಎಂದ, ಹೆಸರು ಹೇಳದೆ. ಸೋಮನಿಂಗ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಸಂತರಾಯನಿಗೆ ಅಷ್ಟು ಸಾಕಾಯಿತು.

ಸೋಮನಿಂಗನ ಮನೆದೇವರು ಅಮೋಘಸಿದ್ಧ. ಆ ದೇವರ ಭಂಡಾರ, ಅಂದರೆ ಪೂಜೆಯ ಅರಿಷಿಣಪುಡಿ, ಮುಟ್ಟಿ ಅವನ ಮಂದಿ ಸುಳ್ಳು ಹೇಳುವುದಿಲ್ಲ. ಬಸಂತರಾಯ ಅದನ್ನು ಮೊದಲೇ ತರಿಸಿ ತಾಟಿನಲ್ಲಿ ಇಟ್ಟುಕೊಂಡಿದ್ದ.

"ಮುಟ್ಟಿ ಹೇಳು."

ಸೋಮನಿಂಗ ಅವನ ಮುಖವನ್ನೇ ನೋಡಿದ. "ಮುಟ್ಟಾಕಬೇಕೇನ್ರಿ, ಸಾವ್ಕಾರ್ರ?"

"ಖರೇ ಇದ್ದವಗ ಅಂಜಿಕಿ ಯಾಕ?"

ಸೋಮನಿಂಗ ಚಪ್ಪಲಿ ಕಳಚಿದ. ಭಂಡಾರ ಮುಟ್ಟಿ, "ನಿಮ್ಮ ಗಾಡ್ಯಾಗ ಮಂದೀದು ಒಂದ್ ಕಾಳೂ ಹೊತ್ತಿಲ್ರಿ," ಎಂದ. ಕೈ ನಡುಗಲಿಲ್ಲ. ಬಸಂತರಾಯನಿಗೆ ಈಗ ಅದೇ ಸಂಶಯ. ಇಷ್ಟು ಸಲೀಸಾಗಿ ಆಣೆ ಮಾಡುವವನಿಗೆ ಅದು ರೂಢಿಯೇ ಇರಬೇಕು.

ಅಲ್ಲಿಂದ ನೇರ ಝಳಕಿಗೆ ಹೊರಟರು. ಲಾರಿಗಳ ಪಾಟಾ ಕಟ್ಟುವುದರಲ್ಲಿ ಹೆಸರಾದ ಗುಡುಸಾಬನ ಗ್ಯಾರೇಜು ಅಲ್ಲಿ ಹೆದ್ದಾರಿಗೆ ಹತ್ತಿಕೊಂಡೇ ಇತ್ತು. ಗುಡುಸಾಬ ಕಾರಿನ ಅಡಿಗೆ ಸರಿದು, ಎಣ್ಣೆ ಮೆತ್ತಿದ ಮುಖ ಹೊರಗೆ ಹಾಕಿದ.

"ಎರಡ ದಾರಿ ಅದಾವ್ರಿ. ಲಾರಿ ಪಾಟಾ ಕಡದ ಹಾಕಿದ್ರ ಜನ್ಮದಾಗ ಕುಸಿಯಂಗಿಲ್ಲ, ಆದ್ರ ನಿಮ್ಮ ನಡಾ ಉಳಿಯಂಗಿಲ್ಲ. ಇಲ್ಲಾಂದ್ರ ಇವನ್ನ ಕಾಸಿ ಬಡದು ಬಾಗಸ್ತೇನಿ, ಎಡಕ್ಕ ಒಂದು ಪಟ್ಟಿ ಹೊಸಾದು ಹಾಕ್ತೇನಿ."

ಬಸಂತರಾಯ ಎರಡನೆಯದನ್ನೇ ಆರಿಸಿದ, ನಡುವಿನ ಚಿಂತೆಯಿಂದಲ್ಲ. ಹಳೆಯ ವಿಲಾಯತಿ ಉಕ್ಕು ಗುಡುಸಾಬನ ಪಾಲಾದೀತೆಂಬ ಅಂಜಿಕೆಯಿಂದ. ಬಿಚ್ಚಿದ ಪ್ರತಿ ಪಟ್ಟಿಯ ಮೇಲೂ ಸುಣ್ಣದಿಂದ ಗುರುತು ಹಾಕಿದ. ಕುಲುಮೆಗೆ ಹೋದರೆ ಸುಣ್ಣ ಉಳಿಯುವುದಿಲ್ಲ ಎಂಬುದು ಆಮೇಲೆ ಹೊಳೆದು, ಬೆಂಕಿಯ ಪಕ್ಕದಲ್ಲೇ ಬೆವರುತ್ತ ಕೂತ. ಸೋಮನಿಂಗ ತಿದಿ ಒತ್ತುತ್ತ ಗುಡುಸಾಬನೊಡನೆ ಎರಡು ಮಾತಾಡಿದ್ದನ್ನು ನೋಡಿ, ಇವರಿಬ್ಬರೂ ಒಂದೇ ಎಂದುಕೊಂಡ. ಚಹಾ ತರಿಸಿ ಕೊಟ್ಟರೆ ಸೋಮನಿಂಗ ಒಲ್ಲೆ ಎಂದ. ಕಳ್ಳನಿಗೆ ಗಂಟಲಲ್ಲಿ ಚಹಾ ಎಲ್ಲಿ ಇಳಿದೀತು ಎಂದುಕೊಂಡು ಅದನ್ನೂ ತಾನೇ ಕುಡಿದ.

ಮೂರು ಗಂಟೆಯ ಹೊತ್ತಿಗೆ ಪಾಟಾ ಕೂರಿಸಿ ಆಯಿತು. ಗುಡುಸಾಬ ಮಡಗಾರ್ಡಿನಿಂದ ನೆಲದವರೆಗೆ ಟೇಪು ಹಿಡಿದ. ಬಲಕ್ಕೆ ಇಪ್ಪತ್ತೇಳು ಇಂಚು, ಎಡಕ್ಕೂ ಇಪ್ಪತ್ತೇಳು. ಬಸಂತರಾಯ ತಾನೂ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ.

"ಖಾಲಿ ಅಳದ್ರ ಮುಗೀಲಿಲ್ರಿ. ಕೂಡೋರು ಕೂತ್ಮ್ಯಾಲ ಅಳೀಬೇಕು. ನೀವು ದಿನಾ ಕೂಡೋ ಜಾಗಾದಾಗ ಕೂಡ್ರಿ," ಎಂದ ಗುಡುಸಾಬ.

ಬಸಂತರಾಯ ಹಿಂದಿನ ಬಾಗಿಲು ತೆರೆದು ಎಡಗಡೆ ಕೂತ. ಅವನದು ಕ್ವಿಂಟಲ್ ಮೀರಿದ ದೇಹ. ಗುಡುಸಾಬ ಟೇಪು ಹಿಡಿದು ನೋಡಿದ. ಎಡಗಡೆ ಒಂದೂವರೆ ಇಂಚು ಇಳಿದಿತ್ತು.

"ನಿಮ್ಮ ಬಲಕ್ಕ ಯಾರು ಕೂಡ್ತಾರ್ರಿ?"

"ಯಾರ್ ಕೂಡ್ತಾರ? ಯಾರೂ ಇಲ್ಲ."

ಸಾವ್ಕಾರನ ಸರಿಸಮ ಕೂಡುವವರು ಲಚ್ಯಾಣದಲ್ಲಿ ಯಾರಿದ್ದರು? ಸಿದ್ದಲಿಂಗವ್ವ ಕೂಡ ಮಂದಿಯೆದುರು ಗಂಡನ ಪಕ್ಕ ಕೂಡಲು ನಾಚಿ, ತವರಿಗೆ ಬಸ್ಸಿನಲ್ಲೇ ಹೋಗುತ್ತಿದ್ದಳು.

"ಎಷ್ಟ್ ವರ್ಷ ಆತ್ರಿ ಹಿಂಗ ಕೂಡಾಕತ್ತು?"

"ಹದಿನಾರು."

ಗುಡುಸಾಬ ಟೇಪು ಸುತ್ತಿದ. "ಚೀಲ ಹೇರಿದ್ರ ಎರಡೂ ಕುಸೀತಿದ್ದೂರಿ. ಬಿಚ್ಚಿದಾಗ ನಿಮ್ಮ ಬಲಗಡೆ ಪಾಟಾ ಹೊಸಾದು ಇದ್ದಂಗ ಇತ್ತು. ಎಡಗಡೀದು ಒಬ್ಬರ ಭಾರಕ್ಕ ಕುಂತಿತ್ರಿ."

ಬಸಂತರಾಯ ಕಾರಿನಿಂದ ಇಳಿಯಲಿಲ್ಲ. ಇಳಿದರೆ ಎದುರಿಗೆ ನಿಂತ ಸೋಮನಿಂಗನ ಮುಖ ನೋಡಬೇಕಾಗುತ್ತಿತ್ತು. ಲಚ್ಯಾಣದವರೆಗೂ ಮುಂದಿನ ಸೀಟಿನಲ್ಲಿ ಆ ಹೆಗಲು, ಆ ಟವೆಲು ಕಾಣುತ್ತಲೇ ಇದ್ದವು.

ಮನೆಯಂಗಳದಲ್ಲಿ ಕಾರು ನಿಂತಿತು. ಸೋಮನಿಂಗ ಕಾರಿನ ಮುಂದಿನ ಗ್ಲಾಸು ಒರೆಸಿ, ಕೀಲಿಯನ್ನು ಕಟ್ಟೆಯ ಮೇಲೆ ಇಟ್ಟ. ಸಿದ್ದಲಿಂಗವ್ವ ಎಂದಿನಂತೆ ತಂಬಿಗೆಯಲ್ಲಿ ನೀರು ತಂದಳು.

"ಬ್ಯಾಡ್ರಿ, ಅವ್ವಾರ. ಭಂಡಾರ ಮುಟ್ಟಿಸಿದ ಮನ್ಯಾಗ ನಾವು ನೀರು ಕುಡಿಯಂಗಿಲ್ರಿ. ಕಾರು ಮನಿ ಮುಟ್ಟಿಸೀನಿ, ಇನ್ನ ದುಡಿಯಂಗೂ ಇಲ್ಲ."

ಇದು ಬಸಂತರಾಯನಿಗೆ ಗೊತ್ತಿರದ ಸಂಗತಿಯಲ್ಲ. ಆಣೆ ಸುಳ್ಳಾದವನಿಗೆ ಮಾತ್ರ ಅದು ತಟ್ಟುತ್ತದೆಂದು ತಿಳಿದಿದ್ದ, ಅಷ್ಟೇ. "ಸೋಮನಿಂಗ," ಎಂದ, ಹದಿನಾರು ವರ್ಷದಲ್ಲಿ ಮೊದಲ ಬಾರಿ ಪೂರ್ತಿ ಹೆಸರು ಹಿಡಿದು. "ನನ್ನ ತಪ್ಪಾತು."

"ತಪ್ಪು ಆಗ್ತಾವ್ರಿ. ಆಣಿ ಹೊಳ್ಳಿ ತಗೊಳ್ಳಾಕ ಬರಂಗಿಲ್ರಿ," ಎಂದು ಸೋಮನಿಂಗ ಕೈಮುಗಿದು ಅಂಗಳ ದಾಟಿದ.

ಸಿದ್ದಲಿಂಗವ್ವ ತಂಬಿಗೆ ಹಿಡಿದು ನಿಂತೇ ಇದ್ದಳು. ಅವನು ಮರೆಯಾದ ಮೇಲೆ ಗಂಡನತ್ತ ತಿರುಗಿದಳು.

"ಕಾರು ಕುಸಿಸಿದವರು ಯಾರಂತ ಗೊತ್ತಾತೇನ್ರಿ?"

"ಗೊತ್ತಾತು," ಎಂದ ಬಸಂತರಾಯ. ಅವಳು ಹೆಸರಿಗಾಗಿ ಕಾದಳು. ಅವನು ಕೀಲಿ ಎತ್ತಿಕೊಂಡು ಒಳಗೆ ಹೋದ.