ಪರೀಕ್ಷೆ ವಾರದ ಮಾತ್ರೆ

“ವಾಯಿ ತೆಗಿಯೇ ಮುಂಡೆ. ನುಂಗಿದ್ಯಾ, ಇಲ್ಲ ಕೆನ್ನೇಲಿ ಒತ್ತಿಟ್ಕಂಡ್ಯಾ?”

ಮೇಸ್ತ್ರಿ ಸೆಂದಿಲ್ ಕುಮಾರ್ ಪಾಪಾತಿಯ ಗಲ್ಲ ಹಿಡಿದು ಬಾಯೊಳಗೆ ಮೊಬೈಲಿನ ಬೆಳಕು ಬಿಟ್ಟ. ಕೊಳೆತ ಮೊಟ್ಟೆಯ ವಾಸನೆಗೆ ಮುಖ ತಿರುಗಿಸಿದ. ವಾಸನೆ ಅವಳದಲ್ಲ, ಮಾತ್ರೆಯದು.

ಕೊಯಮತ್ತೂರಿನ ಹತ್ತಿರ, ಸೋಮನೂರಿನ ಆಚೆ, ಮಗ್ಗ ಕಿತ್ತುಹಾಕಿದ ಶೆಡ್ಡಿನಲ್ಲಿ ನಾವು ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುತ್ತೇವೆ. ರಕ್ತ ಪರೀಕ್ಷೆಯ ಗಾಡಿ ಬರುವ ವಾರ ಮಾತ್ರ ಬೆಲ್ಲದ ಚೂರಿನ ಜೊತೆ ಈ ಮಾತ್ರೆ. ಹಿಂದೆ ಮಗ್ಗವಿದ್ದಾಗ ಹತ್ತಿಯ ದೂಳಿಗೆ ಮದ್ದೆಂದು ಬೆಲ್ಲ ಕೊಡುತ್ತಿದ್ದರಲ್ಲ, ಇದೂ ಅಂಥದೇ ಉಪಕಾರ ಎಂದುಕೊಂಡು ಎಲ್ಲರೂ ನುಂಗಿದರು. ಮಾತ್ರೆ ರಕ್ತದ ಸೀಸವನ್ನು ಮೂತ್ರಕ್ಕೆ ಇಳಿಸುತ್ತದೆ, ಪರೀಕ್ಷೆ ಪಾಸಾಗುತ್ತದೆ, ಮಧ್ಯಾಹ್ನ ಮತ್ತೆ ಕುಲುಮೆ. ಸೀಸ ಹೆಚ್ಚು ಬಂದವರನ್ನು ಸಂಬಳವಿಲ್ಲದೆ ಮನೆಗೆ ಕಳಿಸುತ್ತಾರೆ. ಹಾಗಾಗಿ ಯಾರೂ ಬೇಡವೆನ್ನುವುದಿಲ್ಲ. ಡಿಗ್ರಿ ಮುಗಿಸಿ ಇಲ್ಲಿ ಪ್ಲಾಸ್ಟಿಕ್ ಆರಿಸುವ ನಾನೂ ಅನ್ನಲಿಲ್ಲ.

ಸಾಲಿನಲ್ಲಿ ಪಾಪಾತಿಯ ಹಿಂದೆ ನಮ್ಮವ್ವ ಇದ್ದಳು. ಹೋದ ವಾರ ಕುಲುಮೆಯ ಮುಂದೆ ಎದೆ ಹಿಡಿದುಕೊಂಡು ಕುಸಿದಿದ್ದಳು. ಬಡಿತ ತಪ್ಪುತ್ತಿದೆ, ಸೀಸ ಹೃದಯಕ್ಕೂ ಕೈ ಹಾಕುತ್ತದೆ ಎಂದರು ಕೊಯಮತ್ತೂರಿನ ಡಾಕ್ಟರಮ್ಮ. ಮಾತ್ರೆ ಕೆಟ್ಟದ್ದಲ್ಲವಂತೆ. ಆದರೆ ಹೊಗೆ ಬಿಟ್ಟು ದೂರವಿದ್ದು, ಡಾಕ್ಟರ ಕಣ್ಣೆದುರು ತಿನ್ನಬೇಕಂತೆ; ಹೊಗೆಯಲ್ಲೇ ನಿಂತು ತಿಂದರೆ ಮೈ ಇನ್ನಷ್ಟು ಸೀಸ ಎಳೆದುಕೊಳ್ಳಬಹುದಂತೆ. ಆಸ್ಪತ್ರೆಯ ಕಾಗದವನ್ನು ಕಂಪನಿ ಒಪ್ಪುವುದಿಲ್ಲ. ಕಂಪನಿಯ ಪರೀಕ್ಷೆಯಲ್ಲೇ ಸೀಸ ಹೆಚ್ಚೆಂದು ಬಂದರೆ ಚಿಕಿತ್ಸೆಯನ್ನು ಅವರ ತಲೆಗೆ ಕಟ್ಟಬಹುದು. ನಿನ್ನೆಯವರೆಗೆ ಆಸ್ಪತ್ರೆಯಲ್ಲಿದ್ದ ಅವ್ವನೊಬ್ಬಳೇ ಈ ವಾರ ಮಾತ್ರೆ ನುಂಗಿರಲಿಲ್ಲ.

“ಅತ್ತೆ, ನಿಂಗೆ ಎರಡು.” ಸೆಂದಿಲ್ ಅವ್ವನ ಅಣ್ಣನ ಮಗ.

“ಮೊದ್ಲು ನನ್ನ ಒಲೆ ಮುಂದಿಂದ ಬ್ಯಾರೆ ಕಡೆ ಹಾಕು, ಆಮೇಲೆ ತಿಂತೀನಿ. ಒಂದ್ ಕಡೆ ನೀರು ಮೊಗಿಯೋದು, ಇನ್ನೊಂದ್ ಕಡೆ ವಾಯ್ಕಾಲ್ ನೀರು ಒಳಗ್ ಬಿಡೋದು. ಯಾರ್ ಬುದ್ಧಿಯಪ್ಪಾ ಇದು?”

“ರಾಣಿ ಆಗ್ಬೇಕಂದ್ರೆ ಅರಮನೆಗೆ ಹೋಗು. ಇಲ್ಲಿಗೆ ನಾಯಿಗಳು ಸಾಕು.”

ಸಾಲಿನಲ್ಲಿ ಯಾರೋ ನಕ್ಕರು. ನಿಮ್ಮವ್ವನಿಗೆ ಹೇಳು, ಅವಳ ರಕ್ತದಲ್ಲಿ ಸೀಸ ಸಿಕ್ಕಿ ಶೆಡ್ಡು ಮುಚ್ಚಿಸಿದರೆ ನಾವು ಮಣ್ಣು ತಿನ್ನಬೇಕಾ ಎಂದು ಪಾಪಾತಿ ನನ್ನನ್ನು ಚಿವುಟಿದಳು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆ, ಬಿಚ್ಚುತ್ತಿದ್ದೆ.

ಗಾಡಿ ಬಂತು. ತಗಡಿನ ನೆರಳಲ್ಲಿ ನರ್ಸ್ ಕುರ್ಚಿ ಹಾಕುವಷ್ಟರಲ್ಲಿ ಅವ್ವ ಮಾತ್ರೆ ಮುಟ್ಟದೆ ಹೋಗಿ ಕೂತುಬಿಟ್ಟಳು. ಸೆಂದಿಲ್ ಓಡಿ ಬಂದು, ಇವಳು ನಮ್ಮ ಕಂಪನಿಯವಳಲ್ಲ, ಗುಜರಿ ಆಯಲು ಬರುವ ಹುಚ್ಚಿ ಎಂದು ನರ್ಸಿಗೆ ತಮಿಳಿನಲ್ಲಿ ಹೇಳಿದ. ಗೆರೆಗಳಲ್ಲಿ ಕಪ್ಪು ಇಳಿದ ಅವ್ವನ ಅಂಗೈಯನ್ನು ನರ್ಸ್ ನೋಡಿದಳು. ಕೈಗೆತ್ತಿಕೊಂಡಿದ್ದ ರಬ್ಬರ್ ಪಟ್ಟಿಯನ್ನು ತಟ್ಟೆಗೆ ಹಾಕಿ, ಮುಂದಿನವರು ಬನ್ನಿ ಎಂದಳು.

ಮುಂದಿನವಳು ನಾನು.

ಇವಳು ನಮ್ಮವ್ವ, ಇಲ್ಲೇ ಕುಲುಮೆ ಕೆಲಸ ಎಂದೆ, ತಮಿಳಿನಲ್ಲಿ. ದನಿ ನನಗೇ ಸರಿಯಾಗಿ ಕೇಳಲಿಲ್ಲ. ಸೆಂದಿಲ್‌ಗೆ ಕೇಳಿಸಿತು.

“ನಿಂಗೂ ಬ್ಯಾಡ್ವಾ ಕೆಲ್ಸ?”

ಅಷ್ಟರಲ್ಲಿ ಅವ್ವ ತಟ್ಟೆಯಿಂದ ಪಟ್ಟಿ ಕಿತ್ತುಕೊಂಡು ತೋಳಿಗೆ ಸುತ್ತಿದ್ದಳು. ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಕೈಯಲ್ಲಿ ಜಗ್ಗಿದಳು. ಜೋತ ಚರ್ಮದಡಿ ನರ ತಡವಾಗಿ ಎದ್ದಿತು. ಆ ತೋಳನ್ನು ನರ್ಸಿನ ಮಡಿಲಿಗೆ ಇಟ್ಟಳು.

ಪಟ್ಟಿ ಬಿಡಿಸಲು ಸೆಂದಿಲ್ ಅವಳ ಬಾಯಿಗೆ ಕೈ ಚಾಚಿದ. ಕಚ್ಚಿದ ಹಲ್ಲು ನೋಡಿ, ಬೆರಳು ಮಡಚಿಕೊಂಡ.